ಪುಕ್ಕಟೆ ಬೆಲೆ ಕೇಳುವ ಪದ್ಧತಿ

ಹಳೆ ಫರ್ನಿಚರಿನ ಧಂದೆಗೆ ಹೊಸದಾಗಿ ಇಳಿದವರು ನನ್ನನ್ನು ಹುಡುಕಿಕೊಂಡು ಬಂದರೆ ಮೊದಲು ಕೇಳುವುದು ಕಟ್ಟಿಗೆಯ ಬಗ್ಗೆ. ಸಾಗವಾನಿ ಯಾವುದು, ಬೀಟೆ ಯಾವುದು, ಬಣ್ಣ ಬಳಿದ ಮೇಲೆ ಗುರುತು ಹಿಡಿಯುವುದು ಹೇಗೆ ಎಂದು. ಹೇಳಿಕೊಡುತ್ತೇನೆ. ಕೆಲವು ವರ್ಷ ಕೈಯಾಡಿಸಿದರೆ ಅದು ತಾನಾಗಿಯೇ ಬರುತ್ತದೆ. ಆದರೆ ಎಷ್ಟೇ ಕಲಿತರೂ ನಮಗೆ ತಿಳಿಯದ ಮಾಲು ಒಂದಲ್ಲ ಒಂದು ದಿನ ಎದುರಿಗೆ ಬಂದು ನಿಲ್ಲುತ್ತದೆ. ಆಗ ತಿಳಿದವರ ಮನೆ ಬಾಗಿಲು ಬಡಿಯಬೇಕು. ಆ ತಿಳಿದವರು ವ್ಯಾಪಾರಿಗಳಲ್ಲ. ನಮ್ಮಿಂದ ಅವರಿಗೆ ಆಗಬೇಕಾದದ್ದೇನೂ ಇಲ್ಲ. ಹುಚ್ಚು ಹಿಡಿದು, ತಮ್ಮ ಖುಷಿಗೆ ಕಲಿತವರು. ಅಂಥವರನ್ನು ಹೇಗೆ ಕೇಳಬೇಕೆಂದು ನನಗೆ ಯಾರೂ ಹೇಳಿಕೊಡಲಿಲ್ಲ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ವಿಜಾಪುರದವನು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮುಂಬಯಿಗೆ ಬಂದು ಕುರ್ಲಾದಲ್ಲಿ ಜೀವಣಭಾಯಿ ಸೇಠರ ಹಳೆ ಫರ್ನಿಚರಿನ ಗೋದಾಮಿನಲ್ಲಿ ಸೇರಿದೆ. ಮನೆಮನೆಗೆ ಹೋಗಿ ಮಾಲು ನೋಡುವುದು, ಬೆಲೆ ಅಂದಾಜು ಮಾಡಿ ಸೇಠರಿಗೆ ಹೇಳುವುದು, ಸೌದಾ ಕುದುರಿದರೆ ಹಾತಗಾಡಿಯವರನ್ನು ಕರಕೊಂಡು ಹೋಗಿ ಇಳಿಸಿ ತರುವುದು ನನ್ನ ಕೆಲಸ. ಆಗ ಬಂಗಲೆಗಳನ್ನು ಕೆಡವಿ ಬಿಲ್ಡಿಂಗ್ ಕಟ್ಟುತ್ತಿದ್ದರು. ಬಂಗಲೆಯಲ್ಲಿ ಮೂಲೆ ಹಿಡಿದು ಕೂತಿದ್ದ ಕಪಾಟು ಹೊಸ ಫ್ಲ್ಯಾಟಿನ ಬಾಗಿಲಲ್ಲೇ ಹಿಡಿಸುತ್ತಿರಲಿಲ್ಲ. ಜನಕ್ಕೆ ಉಕ್ಕಿನ ಕಪಾಟು, ಫೋಮಿನ ಸೋಫಾ ಬೇಕಾಗಿತ್ತು. ಹೀಗಾಗಿ ನಮಗೆ ಮಾಲಿನ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ತಿಳಿವಳಿಕೆಗೆ. ಸೇಠರಿಗೆ ಕಟ್ಟಿಗೆ ಗೊತ್ತಿತ್ತು, ಗಿರಾಕಿಯ ಮುಖ ಇನ್ನೂ ಚೆನ್ನಾಗಿ ಗೊತ್ತಿತ್ತು. ಆದರೆ ಒಂದು ಕುರ್ಚಿ ಯಾವ ಕಾಲದ್ದು, ಯಾವ ಕೈಯದ್ದು ಎಂದು ಹೇಳಲು ಅವರಿಗೂ ಬರುತ್ತಿರಲಿಲ್ಲ.

ಅದು ಬರುತ್ತಿದ್ದದ್ದು ನನಗೆ ಪರಿಚಯವಿದ್ದ ಇಬ್ಬರಿಗೆ. ಒಬ್ಬರು ದಾಮಲೆ ಮಾಸ್ತರರು. ಪರೇಲಿನ ಚಾಳೊಂದರಲ್ಲಿ ಇರುತ್ತಿದ್ದರು. ಮೊದಲು ಒಂದು ಕಸುಬಿನ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರ ಖೋಲಿಯಲ್ಲಿ ಕೂಡಲು ಒಂದು ಮುರುಕು ಸ್ಟೂಲು ಬಿಟ್ಟರೆ ಇನ್ನೇನೂ ಇರಲಿಲ್ಲ. ಗೋಡೆ ತುಂಬ ಮಾತ್ರ ಕುರ್ಚಿ, ಮೇಜು, ಮಂಚದ ಕಾಲುಗಳ ಪೆನ್ಸಿಲ್ ಚಿತ್ರ. ಇನ್ನೊಬ್ಬರು ಪೆರಿನ್‌ಬಾಯಿ ಎಂಬ ಪಾರ್ಸಿ ಹೆಂಗಸು. ದಾದರಿನಲ್ಲಿ ಅವರ ಮನೆ. ತಂದೆ ಬಿಟ್ಟುಹೋದ ಸಾಮಾನಿನ ನಡುವೆ ಒಬ್ಬರೇ ಇದ್ದರು. ಕುರ್ಚಿಯನ್ನು ಕಂಡರೆ ಕೂಡುವ ಮೊದಲು ಬೋರಲು ಹಾಕಿ ನೋಡುವ ಸ್ವಭಾವ.

ಪೆರಿನ್‌ಬಾಯಿಯವರನ್ನು ನಾನು ಮೊದಲು ಕಂಡದ್ದು ಸೇಠರ ಜೊತೆಗೆ. ಸೇಠರು ಒಳಗೆ ಕಾಲಿಟ್ಟವರೇ, ಗೋದಾಮಿಗೆ ಒಂದು ಆರಾಮ ಕುರ್ಚಿ ಬಂದಿದೆ, ಎಷ್ಟಕ್ಕೆ ಹೋಗಬಹುದು ಎಂದು ಕೇಳಿಬಿಟ್ಟರು. ಆ ತಾಯಿ ಬಹಳ ಸಾವಧಾನದಿಂದ, ಬೆಲೆ ಬೇಕಾದರೆ ಮಾರ್ಕೆಟ್ಟಿಗೆ ಹೋಗಿ, ಅಲ್ಲಿ ಬೊಂಬಲ್ ಮೀನಿನಿಂದ ಹಿಡಿದು ಎಲ್ಲದಕ್ಕೂ ಬೆಲೆ ಹೇಳುತ್ತಾರೆ ಎಂದರು. ಚಹಾ ಕುಡಿಸಿ ಕಳಿಸಿದರು, ಕುರ್ಚಿಯ ಮಾತೇ ಆಡಲಿಲ್ಲ. ಕೆಲವು ದಿನ ಬಿಟ್ಟು ನಾನೊಬ್ಬನೇ ಹೋದೆ. ಕುರ್ಚಿಯ ತೋಳು ಹಲಗೆಯಿಂದ ಕೊರೆದದ್ದೋ ಬಗ್ಗಿಸಿದ್ದೋ ನನಗೆ ತಿಳಿಯುತ್ತಿಲ್ಲ ಎಂದೆ. ಕೂಡಲೇ ಕನ್ನಡಕ ಹಾಕಿಕೊಂಡರು. ಅವತ್ತು ಅವರು ಹೇಳಿದ್ದರಲ್ಲಿ ಬೆಲೆಯೂ ಬಂತು, ನಾನು ಕೇಳಿರಲಿಲ್ಲ. ಇದು ಮೊದಲನೆಯ ಪದ್ಧತಿ. ಹುಚ್ಚಿದ್ದವರನ್ನು ಮಾಲಿನ ಬಗ್ಗೆ ಕೇಳಬೇಕು. ಬೆಲೆ ಅದರ ಬೆನ್ನಿಗೆ ತಾನೇ ಬರುತ್ತದೆ.

ದಾಮಲೆ ಮಾಸ್ತರರ ವಿಷಯದಲ್ಲಿ ಸೇಠರು ಬೇರೆ ತರಹ ಎಡವಿದರು. ಒಮ್ಮೆ ಮಾಸ್ತರರು ಹೇಳಿದ ಒಂದು ಮಾತಿನಿಂದ ನಮಗೆ ಒಳ್ಳೆಯ ವ್ಯಾಪಾರವಾಯಿತು. ಸೇಠರು ನನ್ನ ಕೈಯಲ್ಲಿ ಮಿಠಾಯಿಯ ಡಬ್ಬಿ ಕೊಟ್ಟು ಕಳಿಸಿದರು. ಮಾಸ್ತರರು ಡಬ್ಬಿಯನ್ನು ಬಾಲ್ಕನಿಯಲ್ಲಿ ಆಡುವ ಮಕ್ಕಳ ಕೈಗೆ ಕೊಟ್ಟು, ಇನ್ನೊಮ್ಮೆ ಹೀಗೆ ತಂದರೆ ಬರುವುದೇ ಬೇಡ ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಸೇಠರು ಗಿರಾಕಿಗಳ ಮುಂದೆ, ‘ಇದು ದಾಮಲೆ ಮಾಸ್ತರರು ಪಾಸು ಮಾಡಿದ ಮಾಲು’ ಎಂದು ಹೇಳಿ ಮಾರತೊಡಗಿದರು. ಮಾಸ್ತರರು ಕಣ್ಣಿಂದ ನೋಡಿರದ ಮಾಲಿಗೂ ಹಾಗೇ ಹೇಳಿದರು. ಸುದ್ದಿ ಪರೇಲಿಗೆ ಮುಟ್ಟಿತು. ಆಮೇಲೆ ನಾನು ಹೋದರೆ ಬಾಗಿಲು ತೆಗೆಯುತ್ತಿದ್ದರು, ಕೂಡು ಎನ್ನುತ್ತಿದ್ದರು, ಏನು ಕೇಳಿದರೂ ‘ನನಗೆ ಗೊತ್ತಿಲ್ಲಪ್ಪ’ ಎನ್ನುತ್ತಿದ್ದರು.

ಅವರನ್ನು ಮತ್ತೆ ಮಾತಿಗೆ ಎಳೆದದ್ದು ಒಂದು ಮುರಿದ ಕುರ್ಚಿಯ ಕಾಲು. ಗೋದಾಮಿನ ಕಸದಲ್ಲಿ ಬಿದ್ದಿತ್ತು. ಅದರ ಕಡೆತ ಬೇರೆ ತರಹ ಕಂಡದ್ದಕ್ಕೆ ಅವರಿಗೆ ಹಿಡಿಸೀತೆಂದು ತೆಗೆದುಕೊಂಡು ಹೋದೆ. ಮಾರುವ ಮಾಲಲ್ಲ, ಬೆಲೆಯೂ ಬೇಡ, ನಿಮಗೆ ಇರಲಿ ಎಂದೆ. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ತಮ್ಮ ಒಂದೇ ಒಂದು ಷರತ್ತು ಹೇಳಿದರು: ‘ನಾನು ನಿನಗೆ ಏನು ಹೇಳುತ್ತೇನೋ ಅದನ್ನು ಮಾರುವವರಿಗೂ ಹೇಳಬೇಕು. ನನ್ನ ಮಾತು ಒಬ್ಬರ ಕಿಸೆಯಲ್ಲಿ ಕೂಡಬಾರದು.’

ಸೇಠರಿಗೆ ಇದು ಹಿಡಿಸಲಿಲ್ಲ. ಕೊಳ್ಳುವವನು ಮಾರುವವನಿಗೆ ಮಾಲಿನ ಗುಣ ಹೇಳಿಕೊಡುವ ಧಂದೆ ಎಲ್ಲಿಯದು ಎಂದರು. ಆದರೆ ಮಾಸ್ತರರ ಕಣ್ಣು ಇಲ್ಲದೆ ನಡೆಯುವುದೂ ಕಷ್ಟವಿತ್ತು. ಗೊಣಗುತ್ತ ಒಪ್ಪಿದರು. ಆ ಷರತ್ತಿನ ಮೇಲೆ ಕೆಲವು ವರ್ಷ ನಮ್ಮ ಕೆಲಸ ಚೆನ್ನಾಗಿಯೇ ನಡೆಯಿತು. ಆಮೇಲೆ ಆಂಟಾಪ್ ಹಿಲ್‌ನ ಮೇಜು ಬಂತು.

ಆ ಮೇಜು ಶಾಂತಾ ಅಕ್ಕೋರದು. ಬೆಳಗಾವಿ ಕಡೆಯವರು, ಕನ್ನಡ ಶಾಲೆಯಲ್ಲಿ ಟೀಚರ್. ಗಂಡ ಸರಕಾರಿ ನೌಕರಿಯಲ್ಲಿದ್ದು ತೀರಿಕೊಂಡಿದ್ದರು. ಗಂಡನ ಹೆಸರಿನಲ್ಲಿದ್ದ ಆಂಟಾಪ್ ಹಿಲ್‌ನ ಕ್ವಾರ್ಟರ್ಸ್ ತಿಂಗಳ ಕೊನೆಗೆ ಬಿಟ್ಟುಕೊಡಬೇಕಿತ್ತು. ಕುರ್ಲಾದ ಚಾಳಿನಲ್ಲಿ ಒಂದು ಖೋಲಿ ಹಿಡಿದಿದ್ದರು. ಹಾಸಿಗೆ ಹಿಡಿದ ಮಾವನವರನ್ನು ಅಲ್ಲಿಗೆ ಒಯ್ಯಬೇಕು, ಮೇಜು ಮಾತ್ರ ಆ ಬಾಗಿಲಲ್ಲಿ ಹೋಗುವುದಿಲ್ಲ. ಗಂಡನ ಸಾಹೇಬನೊಬ್ಬ ದೇಶ ಬಿಟ್ಟು ಹೋಗುವಾಗ ಕೊಟ್ಟದ್ದಂತೆ. ಕರ್ರಗೆ ಬಣ್ಣ ಬಳಿದ, ಕೂಡುವವರ ಎಡಬಲಕ್ಕೆ ಡ್ರಾವರ್ ಇದ್ದ ದೊಡ್ಡ ಬರೆಯುವ ಮೇಜು. ಅದನ್ನು ಮಾರಿ, ತಲೆಯ ಭಾಗ ಎತ್ತಿಡಲು ಬರುವ ಆಸ್ಪತ್ರೆಯ ಮಂಚದಂಥದೊಂದನ್ನು ಮಾವನವರಿಗೆ ಕೊಳ್ಳಬೇಕೆಂದು ಅಕ್ಕೋರ ಲೆಕ್ಕ. ಮಲಗಿದಲ್ಲೇ ಗಂಜಿ ಕುಡಿಯುವಾಗ ಅವರಿಗೆ ನೆತ್ತಿಗೆ ಹತ್ತುತ್ತಿತ್ತು.

ನಾನು ಹೋದಾಗ ಅಕ್ಕೋರು ಹೇಳಿದ್ದು ಇಷ್ಟೆ: ‘ಇಮಾಮಭಾಯಿ, ನನಗ ಇದರಾಗಿನದು ಏನೂ ತಿಳಿಯಂಗಿಲ್ಲ. ಒಬ್ಬಾಂವ ಬಂದು ಉರುವಲ ರೇಟಿಗೆ ಕೇಳಿ ಹೋಗ್ಯಾನ. ನೀವು ನಮ್ಮ ಕಡಿಯವರು. ಖರೇ ಹೇಳ್ರಿ, ಸಾಕು.’

ಖರೇ ಹೇಳಬೇಕಾದರೆ ನನಗೆ ಖರೇ ಗೊತ್ತಿರಬೇಕಲ್ಲ. ಮೇಜಿನ ಭಾರ ಒಳ್ಳೆಯ ಕಟ್ಟಿಗೆಯದು. ಅಂಚಿನ ಕೆತ್ತನೆಯೂ ನಾಜೂಕಾಗಿತ್ತು. ಆದರೆ ಹಿಂದಿನ ಹಲಗೆ ಹೊಸದು, ಮೊಳೆ ಮಿಷನ್ನಿನವು. ನನಗೆ ತಾಳೆಯಾಗಲಿಲ್ಲ. ಪರೇಲಿಗೆ ಹೋಗಿ ಮಾಸ್ತರರಿಗೆ ಇದ್ದದ್ದನ್ನೆಲ್ಲ ಹೇಳಿದೆ. ಮಾರುವವರು ಯಾರು, ಯಾಕೆ ಮಾರುತ್ತಾರೆ, ಕೊಳ್ಳುವವರು ನಾವೇ ಎಂಬುದನ್ನೂ ಹೇಳಿದೆ. ಅವರು ಯಾರ ಮನೆಗೂ ಹೋಗುವವರಲ್ಲ. ಅವತ್ತು ಟೊಪ್ಪಿಗೆ ಹಾಕಿಕೊಂಡು ಹೊರಟರು.

ಅಕ್ಕೋರ ಕ್ವಾರ್ಟರ್ಸಿನ ಇಕ್ಕಟ್ಟನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಖೋಲಿಯ ನಡುವೆ ಆ ಮೇಜನ್ನೇ ಅಡ್ಡಗೋಡೆಯ ಹಾಗೆ ನಿಲ್ಲಿಸಿದ್ದರು. ಅದರ ಬೆನ್ನು ಅಡಿಗೆಯ ಕಡೆಗೆ, ಡ್ರಾವರ್‌ಗಳು ಮಾವನವರ ಕಡೆಗೆ. ಅವರ ಮಂಚ ಡ್ರಾವರ್‌ಗಳಿಗೆ ಹತ್ತಿಕೊಂಡೇ ಇತ್ತು, ಅದನ್ನು ಸರಿಸದೆ ಡ್ರಾವರ್ ಎಳೆಯಲು ಬರುತ್ತಿರಲಿಲ್ಲ. ಮೇಲೆ ಹಾಸಿಗೆಯ ಸುರುಳಿ, ಡಬ್ಬಿಗಳು, ಔಷಧದ ಬಾಟಲಿಗಳು. ನಾವು ಹೋದಾಗ ಮಾವನವರು ಗೋಡೆಗೆ ಮುಖಮಾಡಿ ಮಲಗಿದ್ದರು. ರಾತ್ರಿಯೆಲ್ಲ ಕೆಮ್ಮಿ ಈಗಷ್ಟೇ ಕಣ್ಣು ಮುಚ್ಚಿದ್ದಾರೆ ಎಂದು ಅಕ್ಕೋರು ಪಿಸುದನಿಯಲ್ಲಿ ಹೇಳಿ, ಎಬ್ಬಿಸಲೇ ಎಂದು ಕೇಳಿದರು. ಮಾಸ್ತರರು ಎರಡೂ ಕೈ ಅಲ್ಲಾಡಿಸಿ ಬೇಡವೇ ಬೇಡ ಎಂದರು. ಪಕ್ಕದ ಹಲಗೆ ಬೆರಳಿನಿಂದ ತಟ್ಟಿದರು, ಅದೂ ಮೆಲ್ಲಗೆ. ಹಿಂದಿನ ಹಲಗೆ, ಮೊಳೆ ನೋಡಿದರು. ಕೆತ್ತನೆಯ ಮೇಲೆ ಕೈಯಾಡಿಸಿದರು.

ಹೊರಗೆ ಬಂದು ಜಿನೆಯ ಮೆಟ್ಟಿಲ ಮೇಲೆ ನಿಂತು ಅಕ್ಕೋರಿಗೂ ನನಗೂ ಒಟ್ಟಿಗೇ ಹೇಳಿದರು. ಕಟ್ಟಿಗೆ ಒಳ್ಳೆಯದು, ಬಳಸಲು ಗಟ್ಟಿ. ಆದರೆ ಹಳೆಯ ನಮೂನೆ ನೋಡಿ ಇತ್ತೀಚೆಗೆ ಮಾಡಿದ ನಕಲು. ಒಳ್ಳೆಯ ಮೇಜಿಗೆ ಎಷ್ಟೋ ಅಷ್ಟು ಸಿಗಬೇಕು, ಅದಕ್ಕಿಂತ ಕಡಿಮೆಗೆ ಕೊಡಬೇಡಿ, ಹೆಚ್ಚು ಆಸೆಯೂ ಬೇಡ. ಸೇಠರು ಆ ಮಾತಿನ ಪ್ರಕಾರವೇ ಕೊಟ್ಟರು. ಅಕ್ಕೋರಿಗೆ ಸಮಾಧಾನವಾಯಿತು. ಆಸೆಪಟ್ಟಷ್ಟು ಒಳ್ಳೆಯ ಮಂಚ ಬರಲಿಲ್ಲ, ತಲೆಯ ಕಡೆ ಕಬ್ಬಿಣದ ಪಟ್ಟಿ ಕೂರಿಸಿದ ಹಳೆಯದೊಂದು ಬಂತು.

ಮೇಜು ಗೋದಾಮಿಗೆ ಬಂದ ಮೇಲೆ ಬಣ್ಣ ಕೆರೆಯಲು ಅಂಗಳದಲ್ಲಿ ಬೋರಲು ಹಾಕಿಸಿದ್ದೆ. ಡ್ರಾವರ್‌ಗಳನ್ನು ಕಿತ್ತು ಗೋಡೆಗೆ ಆನಿಸಿದ್ದರು. ಆ ಹೊತ್ತಿಗೆ ಪೆರಿನ್‌ಬಾಯಿ ಬೇರೆ ಯಾವುದೋ ಕುರ್ಚಿ ನೋಡಲು ಬಂದರು. ಕುರ್ಚಿಯ ಹತ್ತಿರ ಹೋಗಲೇ ಇಲ್ಲ. ನೆಲಕ್ಕೆ ಮೊಣಕಾಲೂರಿ ಮೇಜಿನ ಹೊಟ್ಟೆಯೊಳಗೆ ತಲೆ ಹಾಕಿದರು. ತಳದ ಹಲಗೆಯ ಮೇಲೆ, ಮಿಷನ್ನಿಲ್ಲದೆ ಕೈಯಿಂದ ಹೆರೆಯುವ ರಂಧಾ ಎಳೆದ ಅಲೆಗಳು ಬೆರಳಿಗೆ ಸಿಗುತ್ತಿದ್ದವು. ಡ್ರಾವರಿನ ಮೂಲೆ ಜೋಡಿಸಿದ ಕಚ್ಚುಗಳು ಒಂದರ ಹಾಗೆ ಇನ್ನೊಂದಿರಲಿಲ್ಲ, ಕೈಗರಗಸದಿಂದ ಕೊಯ್ದವು. ಬಣ್ಣ ತಾಗದ ಕಡೆ ಬೀಟೆ ವಯಸ್ಸಾಗಿ ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ಮೇಜು ಬಹಳ ಹಳೆಯದು, ಇದೇ ಊರಿನ ಹಿಂದಿನ ಕಾಲದ ಕುಶಲಿಗಳ ಕೈಯದು. ಹಿಂದಿನ ಹಲಗೆಗೆ ಗೆದ್ದಲು ಹತ್ತಿದ್ದಕ್ಕೆ ಯಾರೋ ಅದನ್ನಷ್ಟೇ ಬದಲಿಸಿದ್ದಾರೆ ಎಂದರು.

ನಕಲೆಂದು ತಿಳಿದು ಕೊಂಡದ್ದು ಎಂದೆ. ಇದನ್ನು ನಕಲು ಎಂದವರು ಯಾರು ಎಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಇಬ್ಬರೂ ಪರಸ್ಪರ ಹೆಸರು ಕೇಳಿದ್ದರು, ಮುಖ ಕಂಡಿರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಹತ್ತಿರ ಒಯ್ದು ತೂಗಿಸಬಾರದು ಎಂಬ ಎಚ್ಚರದಿಂದ ನಾನು ಯಾವತ್ತೂ ಅವರನ್ನು ಸೇರಿಸಿರಲಿಲ್ಲ. ಪೆರಿನ್‌ಬಾಯಿ ಸೀರೆಯ ಧೂಳು ಕೊಡವಿಕೊಂಡು ಅಂದರು: ‘ಇವತ್ತೇ ಹೋಗಿ ಅವರಿಗೆ ತಿಳಿಸು. ತಪ್ಪಿದ್ದನ್ನು ಹೇಳಲು ಹೋಗದವನಿಗೆ, ಇನ್ನೊಮ್ಮೆ ಕೇಳಲು ಹೋಗುವ ಹಕ್ಕಿಲ್ಲ.’

ಸೇಠರಿಗೆ ಖುಷಿಯಾಗಿತ್ತು. ಅದರಲ್ಲಿ ಮೋಸವೇನೂ ಇರಲಿಲ್ಲ, ಎಲ್ಲರೆದುರು ಆದ ಸೌದಾ. ಸುಮ್ಮನಿರು, ಮುದುಕನ ಮನಸ್ಸು ಯಾಕೆ ನೋಯಿಸುತ್ತೀ ಎಂದರು. ಎರಡು ದಿನ ನಾನೂ ತಡೆದೆ. ನನ್ನ ನೌಕರಿ ಅವರ ಕೈಯಲ್ಲಿತ್ತು. ಆದರೆ ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಶಾಂತಾ ಅಕ್ಕೋರು ಮಕ್ಕಳ ನೋಟ್‌ಬುಕ್ಕುಗಳ ಚೀಲ ಹೊತ್ತು ಎದುರಾದರು. ಮಾವನವರು ಈಗ ಒರಗಿ ಕೂತು ಗಂಜಿ ಕುಡಿಯುತ್ತಾರೆ, ನಿಮ್ಮ ಮಾಸ್ತರರಿಗೆ ನಮಸ್ಕಾರ ತಿಳಿಸಿ ಎಂದರು. ಅಲ್ಲಿಂದಲೇ ಲೋಕಲ್ ಹತ್ತಿ ಪರೇಲಿಗೆ ಹೋದೆ.

ಮಾಸ್ತರರು ಪೂರ್ತಿ ಕೇಳಿದರು. ತಳದ ಹಲಗೆ ಹೇಗಿತ್ತು, ಕಚ್ಚು ಎಷ್ಟು ಸಣ್ಣವು ಎಂದು ಎರಡು ಪ್ರಶ್ನೆ ಕೇಳಿದರು. ಆಮೇಲೆ ನನ್ನ ಜೊತೆ ಗೋದಾಮಿಗೆ ಬಂದರು. ಅಂಗಳದ ಧೂಳಿನಲ್ಲಿ ಧೋತರ ಮಡಚಿ ಕೂತು, ಮೇಜಿನ ಒಳಗೆ ಬಹಳ ಹೊತ್ತು ಕೈಯಾಡಿಸಿದರು. ಎದ್ದಾಗ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಂತೋಷವೇ ಇತ್ತು. ಅಂಥ ಕೆಲಸ ಕಂಡ ಸಂತೋಷ. ಅದು ಇಳಿದ ಮೇಲೆ ಸೇಠರ ಕಡೆ ತಿರುಗಿದರು, ಆ ಹೆಣ್ಣುಮಗಳಿಗೆ ಏನು ಮಾಡುತ್ತೀರಿ ಎಂದು ಕೇಳಿದರು.

ಸೇಠರು ಮರ್ಯಾದೆಯಿಂದಲೇ ಉತ್ತರಿಸಿದರು. ‘ಮಾಸ್ತರರೇ, ನೀವು ನಮ್ಮಿಂದ ಫೀ ತೆಗೆದುಕೊಂಡಿಲ್ಲ. ನಿಮ್ಮ ಮೇಲೆ ಯಾವ ಜವಾಬ್ದಾರಿಯೂ ಇಲ್ಲ. ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ?’

‘ಫೀ ತೆಗೆದುಕೊಂಡಿದ್ದರೆ ಅದನ್ನು ಹಿಂದಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಈಗ ಏನು ಹಿಂದಕ್ಕೆ ಕೊಡಲಿ, ಹೇಳಿ?’ ಎಂದರು ಮಾಸ್ತರರು.

ಸೇಠರು ಅಡಕತ್ತರಿ ಎಳೆದುಕೊಂಡರು. ಮಾಸ್ತರರು ಹೋದ ಮೇಲೂ ಗಾದಿಯ ಮೇಲೆ ಕೂತು ಸುಪಾರಿ ಕತ್ತರಿಸುತ್ತಿದ್ದರು. ಸಂಜೆ ಶಟರ್ ಎಳೆಯುವ ಮೊದಲು ನನ್ನನ್ನು ಕರೆದು, ಆ ಮೇಜನ್ನು ನಾವು ಕೊಂಡದ್ದಲ್ಲ, ಮಾರಿಕೊಡಲು ಟೀಚರ್ ಇಟ್ಟುಹೋದದ್ದು ಎಂದು ಹಿಡಿ ಎಂದರು. ಮಾರಿದ್ದರಲ್ಲಿ ನಮ್ಮ ದಲಾಲಿ, ಮೊದಲು ಕೊಟ್ಟದ್ದು ಮುರಿದುಕೊಂಡು ಉಳಿದದ್ದು ಅವರಿಗೆ. ನಾನು ಬೆರಗಾಗಿ ನಿಂತದ್ದನ್ನು ಕಂಡು ಅಂದರು: ‘ಧರ್ಮ ಗಿರ್ಮ ಅಂತ ತಿಳಿಯಬೇಡ. ಆ ಇಬ್ಬರೂ ಬಾಯಿ ಮುಚ್ಚಿದರೆ ನನ್ನ ಅಂಗಡಿ ಕುರುಡಾಗುತ್ತದೆ.’ ಧರ್ಮವೋ ಧಂದೆಯೋ, ನಾನು ಕಂಡ ಸೇಠರಲ್ಲಿ ಅಂಥ ಮಾತು ಆಡಿದವರು ಅವರೊಬ್ಬರೇ. ಮೇಜು ಪೆರಿನ್‌ಬಾಯಿಯ ಪರಿಚಯದ ವಕೀಲರೊಬ್ಬರಿಗೆ ಹೋಯಿತು. ಹಿಂದಿನ ಹಲಗೆ ಹೊಸದೆಂದು ಅವರಿಗೂ ಹೇಳಿಯೇ ಕೊಟ್ಟೆವು.

ಅಕ್ಕೋರಿಗೆ ನಾನೊಬ್ಬನೇ ಹೋಗಿ ತಿಳಿಸಬಹುದಾಗಿತ್ತು. ಮಾಸ್ತರರು ಬಿಡಲಿಲ್ಲ. ಹೇಳಿದ್ದು ತಮ್ಮ ಬಾಯಿ, ತಪ್ಪಿತು ಎನ್ನಬೇಕಾದದ್ದೂ ಅದೇ ಬಾಯಿ ಎಂದರು. ಒಂದು ರವಿವಾರ ಬೆಳಿಗ್ಗೆ ಇಬ್ಬರೂ ಕುರ್ಲಾದ ಆ ಚಾಳಿಗೆ ಹೋದೆವು. ಜಿನೆ ಹತ್ತುವಾಗ ಅವರು ಮೆಟ್ಟಿಲ ಬದಿಯ ಕಠಡಾ ಹಿಡಿದು ನಿಂತು ನಿಂತು ಹತ್ತಿದರು. ಆಯಾಸಕ್ಕೋ, ಹೇಳಬೇಕಾದ ಮಾತಿಗೋ, ನನಗೆ ಗೊತ್ತಾಗಲಿಲ್ಲ.

ಅಕ್ಕೋರಿಗೆ ಬೆಳಗಾವಿಯ ಮರಾಠಿ ಚೆನ್ನಾಗಿ ಬರುತ್ತಿತ್ತು. ಮಾಸ್ತರರಿಗೆ ಕನ್ನಡ ಬಾರದು, ಮರಾಠಿಯಲ್ಲೇ ಸುತ್ತು ಬಳಸದೆ ಹೇಳಿದರು. ಮೇಜು ಹಳೆಯದಾಗಿತ್ತು, ನಾನು ಹೊಸದೆಂದೆ. ಡ್ರಾವರ್ ಎಳೆದು ನೋಡಬೇಕಿತ್ತು, ನೋಡಲಿಲ್ಲ. ನಿಮಗೆ ಬರಬೇಕಾದದ್ದು ಇವರು ತಂದಿದ್ದಾರೆ, ಆದರೆ ನನ್ನ ಮಾತು ಸುಳ್ಳಾದದ್ದು ಹಾಗೇ ಉಳಿಯಿತು ಎಂದರು. ಅಕ್ಕೋರು ಸ್ಟವ್ ಸಣ್ಣ ಮಾಡಿ ಕೇಳುತ್ತಿದ್ದರು.

ಉತ್ತರ ಬಂದದ್ದು ಮಂಚದ ಮೇಲಿಂದ. ಮಾವನವರು ಒರಗಿ ಕೂತಿದ್ದರು. ನನ್ನ ಕಡೆ ನೋಡಿ ಕನ್ನಡದಲ್ಲಿ ಅಂದರು: ‘ಅವತ್ತ ನನಗ ಎಚ್ಚರ ಇತ್ತಪಾ. ಕಣ್ಣ ತೆರದರ ಮಂಚ ಸರಸತಾರ, ಮೇಜು ಒಯ್ತಾರ ಅಂತ ಸುಮ್ಮನ ಬಿದ್ಕೊಂಡಿದ್ದೆ. ಅದರಾಗ ನನ್ನ ಮಗನ ವಾಸನಿ ಇತ್ತು.’

ಅಕ್ಕೋರು ಅದನ್ನು ಮರಾಠಿಯಲ್ಲಿ ಹೇಳಲು ಹೋಗಿ ನಡುವೆ ನಿಂತರು. ಮಾಸ್ತರರಿಗೆ ಅರ್ಥವಾಗಿತ್ತೆಂದು ಕಾಣುತ್ತದೆ. ಎದ್ದು ಹೋಗಿ ಮುದುಕರ ಹೊದಿಕೆ ಸರಿಮಾಡಿ ಬಂದು ಕೂತರು.

ಚಹಾ ಆಯಿತು. ಇನ್ನು ಹೊರಡೋಣ ಎಂದು ಮಾಸ್ತರರು ಟೊಪ್ಪಿಗೆಗೆ ಕೈಹಾಕಿದಾಗ, ಅಕ್ಕೋರು ಮಂಚದ ಕೆಳಗೆ ಬಾಗಿ ಒಂದು ಕಟ್ಟಿಗೆಯ ಪೆಟ್ಟಿಗೆ ಎಳೆದು ತಂದು ಅವರ ಮುಂದಿಟ್ಟರು. ಇದೂ ಒಂದಿದೆ, ಏನಿದೆ ನೋಡಿ ಹೇಳಿ ಎಂದರು.

ಮಾಸ್ತರರು ಅವರ ಮುಖ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಈ ಸಲ ಸಂಕೋಚ ಮಾಡಲಿಲ್ಲ. ಒಳಗಿನ ಸಾಮಾನನ್ನೆಲ್ಲ ತೆಗೆಸಿದರು, ಬಾಗಿಲ ಬೆಳಕಿಗೆ ಒಯ್ಯಿಸಿದರು, ಬೋರಲು ಹಾಕಿ ಮೂಲೆ ಮೂಲೆ ತಡವಿದರು, ಉಗುರಿನಿಂದ ಕೆರೆದು ಮೂಸಿದರು. ಚಾಳಿನ ಬಾಲ್ಕನಿಯಲ್ಲಿ ಹೋಗಿ ಬರುವವರು ನಿಂತು ನೋಡುವಷ್ಟು ಹೊತ್ತಾಯಿತು. ಅಕ್ಕೋರು ಅವಸರ ಮಾಡದೆ ಪಕ್ಕದಲ್ಲಿ ಕೂತಿದ್ದರು.

ಕೊನೆಗೆ ಮಾಸ್ತರರು ನಿಧಾನವಾಗಿ ಹೇಳಿದರು: ‘ಇದು ಮಾವಿನ ಕಟ್ಟಿಗೆ. ಸಂತೆಯ ಮಾಲು. ಐದಾರು ವರ್ಷಕ್ಕಿಂತ ಹಳೆಯದಲ್ಲ. ಇದರಲ್ಲಿ ಮಾತ್ರ ನಿಜವಾಗಿ ಏನೂ ಇಲ್ಲ ತಾಯಿ.’

‘ಗೊತ್ತು,’ ಎಂದರು ಅಕ್ಕೋರು. ‘ನಾನೇ ಬೆಳಗಾವಿಯಲ್ಲಿ ಕೊಂಡು ತಂದದ್ದು. ನಿಮ್ಮ ಮಾತು ನಿಜವಾಯಿತಲ್ಲ.’